ಅತ್ತೆಯನ್ನು ಪ್ರಬಂಧದಿಂದ ತೆಗೆದುಹಾಕಿದ ಚಳಿಗಾಲ

ಕಳೆದ ತಿಂಗಳು ನೆಂಟರೊಬ್ಬರನ್ನು ನೋಡಿಕೊಂಡು ಬರಲು ಕೆಂಗೇರಿಗೆ ಹೊರಟಿದ್ದೆ. ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿ ಕೂತೆ. ವಿಜಯನಗರದಲ್ಲಿ ಒಬ್ಬ ಹೆಂಗಸು ಹತ್ತಿ ನನ್ನ ಪಕ್ಕ ಕೂತು, ಕಾಲ ಬಳಿ ದೊಡ್ಡದೊಂದು ಬಟ್ಟೆ ಚೀಲ ಇಟ್ಟುಕೊಂಡರು. ಚೀಲದ ಬಾಯಿ ಕಟ್ಟಿರಲಿಲ್ಲ. ಅತ್ತಿಗುಪ್ಪೆ ಬರುವಷ್ಟರಲ್ಲಿ ಅವರೆಕಾಯಿ ಸೊಗಡು ನಮ್ಮ ಸುತ್ತ ಹರಡಿಕೊಂಡಿತು. ಎದುರಿಗೆ ಕೂತಿದ್ದ ಹಿರಿಯರೊಬ್ಬರು ಫೋನಿನಿಂದ ತಲೆಯೆತ್ತಿ, "ಏನಮ್ಮಾ, ಸೊಗಡು ಜೋರಾಗಿದೆಯಲ್ಲ, ಮಾಗಡಿ ಕಡೆದಾ?" ಎಂದು ಕೇಳಿಯೂ ಬಿಟ್ಟರು.

ಈ ವಾಸನೆಗೆ ಬೆಂಗಳೂರಿನ ಜನಕ್ಕೆ ಸಾರು ನೆನಪಾಗುತ್ತದೆ, ಅಕ್ಕಿರೊಟ್ಟಿ ನೆನಪಾಗುತ್ತದೆ, ಉಪ್ಪಿಟ್ಟು ನೆನಪಾಗುತ್ತದೆ. ನನಗೆ ಹಾಗಾಗುವುದಿಲ್ಲ. ಕೆಂಗೇರಿ ದಾಟಿದ ಮೇಲೆ ಸಿಗುವ ಒಂದು ವಿಶ್ವವಿದ್ಯಾಲಯದ ಕೋಣೆ, ಅಲ್ಲಿನ ಬಿಳಿ ಮೇಜು, ಮೇಜಿನಾಚೆ ಪೆನ್ನಿನ ಮುಚ್ಚಳ ಕೂಡ ತೆಗೆಯದೆ ನನ್ನನ್ನೇ ನೋಡುತ್ತ ಕೂತ ಒಬ್ಬ ಹುಡುಗಿ ನೆನಪಾಗುತ್ತಾಳೆ. ಜೊತೆಗೇ ಆಗಿನ ಗೊಂದಲವೂ ಮರಳಿ ಬರುತ್ತದೆ. ಮೂರು ವರ್ಷ ಕಳೆದರೂ ಅದು ಪೂರ್ತಿ ತಿಳಿಯಾಗಿಲ್ಲ.

ಬಿ.ಎ. ಮುಗಿದ ಕೂಡಲೇ ಮದುವೆಯಾಗಿ ಹೊಸಹಳ್ಳಿಗೆ ಬಂದವಳು ನಾನು. ಮಗಳು ಹೈಸ್ಕೂಲು ಸೇರಿದ ಮೇಲೆ ಹಟ ಹಿಡಿದು ಸಮಾಜಶಾಸ್ತ್ರದ ಎಂ.ಎ.ಗೆ ಸೇರಿದೆ. ಪರೀಕ್ಷೆಗಳೇನೋ ಮುಗಿದವು, ಕೊನೆಯ ಪ್ರಬಂಧ ಮಾತ್ರ ಉಳಿದುಕೊಂಡಿತು. ಒಂದು ಸಲ ಗಡುವು ಮುಂದೂಡಿಸಿಕೊಂಡಿದ್ದೆ. ಇನ್ನೊಮ್ಮೆ ಕೊಡುವುದಿಲ್ಲ ಎಂದು ಆಫೀಸಿನವರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಸಂಕ್ರಾಂತಿ ಕಳೆದ ಮೇಲಿನ ಶುಕ್ರವಾರ ಕೊನೆಯ ದಿನ. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಡಿಗ್ರಿ ಇಲ್ಲ. ಮತ್ತೆ ಹೊಸದಾಗಿ ಸೇರುವ ಚೈತನ್ಯ ನನ್ನಲ್ಲಿರಲಿಲ್ಲ, ಮನೆಯವರಲ್ಲಂತೂ ಕೇಳುವ ಹಾಗೇ ಇರಲಿಲ್ಲ.

ಪ್ರಬಂಧದ ವಿಷಯ ನಮ್ಮ ಮನೆಯ ಕೆಳಗೇ ಇತ್ತು. ನಮ್ಮದು ಹೊಸಹಳ್ಳಿಯ ಹಳೆಯ ಒಕ್ಕಲು ಮನೆತನ. ಹೊಲ ಇದ್ದ ಕಡೆ ಈಗ ಯಾರ್ಯಾರದೋ ಮನೆಗಳಿವೆ. ನಮ್ಮ ಪಾಲಿಗೆ ಉಳಿದದ್ದು ಮೂರಂತಸ್ತಿನ ಈ ಕಟ್ಟಡ. ನೆಲಮಹಡಿಯಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ಕಾರಿಲ್ಲ. ಚಳಿಗಾಲ ಶುರುವಾದರೆ ಅಲ್ಲಿ ನಮ್ಮತ್ತೆ ಜಯಮ್ಮನವರ ದರ್ಬಾರು. ಮೂಟೆಗಟ್ಟಲೆ ಅವರೆಕಾಯಿ ಬರುತ್ತದೆ. ಅಕ್ಕಪಕ್ಕದ ಹೆಂಗಸರು ಮಧ್ಯಾಹ್ನದ ಊಟ ಮುಗಿಸಿ ಬಂದು ಕೂರುತ್ತಾರೆ. ಒಂದು ದಿನ ಸುಲಿದು ಕಾಳು ನೆನೆಹಾಕಿದರೆ, ಮಾರನೇ ದಿನ ಹಿತುಕುವುದು. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಒತ್ತಿದರೆ ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಮೊರಕ್ಕೆ ಹಾರುತ್ತದೆ. ಹಿತಕಿದ ಬೇಳೆ ಸ್ವಲ್ಪ ಮನೆಗಳಿಗೆ, ಉಳಿದದ್ದು ಚಂದ್ರಾ ಲೇಔಟಿನ ಒಂದು ಕಾಂಡಿಮೆಂಟ್ಸ್ ಅಂಗಡಿಗೆ. ಅಂಗಡಿಯವರು ಕೊಡುವ ಕೂಲಿ ಹಿತುಕಿದವರಿಗೆಲ್ಲ ಹಂಚಿಕೆ. ಮನೆಯಲ್ಲಿ ಕೂತು ಮಾಡುವ ಈ ದುಡಿಮೆಯನ್ನೇ ನಾನು ಪ್ರಬಂಧದ ವಿಷಯವಾಗಿ ಆರಿಸಿಕೊಂಡಿದ್ದೆ. ಸುದ್ದಿ ಗೊತ್ತಾದ ದಿನ ಅತ್ತೆ ಬೀದಿಗೆಲ್ಲ ಸಾರಿದ್ದರು. "ನಮ್ ಸವಿತಾ ನಮ್ ಮೇಲೆ ಬುಕ್ ಬರೀತವ್ಳೆ. ಎಲ್ರು ಹೆಸ್ರೂ ಬತ್ತದೆ, ನೋಡ್ತಿರಿ."

ಆ ಮೊರಗಳ ಸುತ್ತ ಒಂದು ರೀತಿ ಇದೆ, ಅದನ್ನು ಇಲ್ಲೇ ಹೇಳಿಬಿಡಬೇಕು. ಹಿತುಕುವಾಗ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಎಲ್ಲರ ಕಣ್ಣೂ ಕೈಯ ಮೇಲಿರುತ್ತದೆ. ಯಾರಿಗೆ ಹೇಳಬೇಕೆನಿಸುತ್ತದೋ ಅವರು ಹೇಳುತ್ತಾರೆ, ಮಿಕ್ಕವರು "ಹೂಂ" ಅನ್ನುತ್ತಾರೆ. ಅಪ್ಪಿತಪ್ಪಿ ಯಾರಾದರೂ "ಯಾಕಂತೆ?" ಎಂದರೆ ಹೇಳುತ್ತಿದ್ದವರು ಅಲ್ಲಿಗೇ ಬಾಯಿ ಮುಚ್ಚಿಕೊಳ್ಳುತ್ತಾರೆ. ಕೇಳಿದ್ದು ಎಂದರೆ ಆಕ್ಷೇಪಣೆ ಮಾಡಿದ್ದು ಎಂದೇ ಅರ್ಥ. ಮನೆಯೊಳಗೂ ಹಾಗೇ. ಅತ್ತೆ "ಅನ್ನ ಇಷ್ಟೇನಾ?" ಎಂದರೆ ಇನ್ನೊಂದು ಪಾವು ಅಕ್ಕಿ ಇಡಬೇಕು. "ಈ ಸೀರೆನಾ ಉಟ್ಕೊಂಡ್ ಓಗದು?" ಎಂದರೆ ಒಳಗೆ ಹೋಗಿ ಬೇರೆ ಸೀರೆ ಉಟ್ಟುಕೊಂಡು ಬರಬೇಕು. ಉತ್ತರ ಕೊಡಬೇಕಾದ ಪ್ರಶ್ನೆಯೊಂದನ್ನು ಆ ಮನೆಯಲ್ಲಿ ನಾನು ಕಂಡಿರಲಿಲ್ಲ. ಶಾಲೆಯಲ್ಲೂ ಅಷ್ಟೇ ಆಗಿತ್ತು. ಟೀಚರು ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು "ಇದೇನಿದು?" ಎಂದರೆ ರಬ್ಬರ್ ತೆಗೆಯುತ್ತಿದ್ದೆವು.

ನವೆಂಬರ್ ಕೊನೆಯಲ್ಲಿ ಪ್ರಬಂಧದ ಮೊದಲ ಪ್ರತಿಯನ್ನು ನನ್ನ ಗೈಡ್‌ಗೆ ಕೊಟ್ಟೆ. ನಿವೃತ್ತಿಗೆ ಹತ್ತಿರವಾಗಿದ್ದ ಪ್ರೊಫೆಸರ್ ಅವರು, ಒಳ್ಳೆಯವರು, ಆದರೆ ಯಾವಾಗಲೂ ಅವಸರ. ಕಾರಿಡಾರಿನಲ್ಲೇ ನಿಲ್ಲಿಸಿ ಹೇಳಿದರು.

"ನೋಡಿ ಸವಿತಾ ಅವರೇ, ಓದೋಕೆ ಚೆನ್ನಾಗಿದೆ. ಆದ್ರೆ ಇದು ಡಿಸರ್ಟೇಷನ್ ಅಲ್ಲ, ಹರಟೆ. ಕೆಳಗಡೆ ರೈಟಿಂಗ್ ಸೆಂಟರ್ ಮಾಡಿದಾರೆ, ಕನ್ನಡಕ್ಕೂ ಒಬ್ರನ್ನ ಹಾಕಿದಾರೆ. ಹೋಗಿ ತೋರಿಸಿ, ಅವರು ಸರಿ ಮಾಡ್ಕೊಡ್ತಾರೆ."

ಹರಟೆ ಎಂಬ ಮಾತು ಎದೆಗೆ ನಾಟಿತು. ಸರಿ ಮಾಡಿಕೊಡುತ್ತಾರೆ ಎಂಬ ಮಾತು ಸಮಾಧಾನ ತಂದಿತು. ಹೊಲಿಯಲು ಕೊಟ್ಟ ರವಿಕೆ ಬಿಗಿಯಾದರೆ ಟೈಲರ್ ಹತ್ತಿರ ಹೊಲಿಗೆ ಬಿಚ್ಚಿಸಿಕೊಂಡು ಬರುವ ಹಾಗೆ ಅಂದುಕೊಂಡು ಕೆಳಗಿಳಿದೆ.

ಬರವಣಿಗೆ ಕೇಂದ್ರ ಎಂದರೆ ಲೈಬ್ರರಿಯ ಪಕ್ಕ ಒಂದು ಗಾಜಿನ ಕೋಣೆ. ಗೋಡೆಯ ಮೇಲೆ "ಬರಹ ನಿಮ್ಮದು, ಪೆನ್ನೂ ನಿಮ್ಮ ಕೈಯಲ್ಲೇ ಇರಲಿ" ಎಂದು ದೊಡ್ಡದಾಗಿ ಬರೆದಿತ್ತು. ಕನ್ನಡ ನೋಡಿಕೊಳ್ಳುತ್ತಿದ್ದವಳು ನಂದಿನಿ, ರಾಜಾಜಿನಗರದ ಹುಡುಗಿ, ನನಗಿಂತ ಬಹಳ ಚಿಕ್ಕವಳು. ನಾನು ಅವಳಿಗೆ ಮೇಡಂ ಅಂದೆ. ಅವಳು ನನ್ನ ನರೆತ ಕೂದಲು ನೋಡಿ ನನಗೂ ಮೇಡಂ ಅಂದಳು. ಕೊನೆಯವರೆಗೂ ಇಬ್ಬರೂ ಒಬ್ಬರಿಗೊಬ್ಬರು ಮೇಡಂ ಆಗಿಯೇ ಉಳಿದೆವು.

ಹಾಳೆಗಳನ್ನು ಅವಳ ಕಡೆ ಸರಿಸಿದೆ. ಅವಳು ಮೆಲ್ಲಗೆ ಅವನ್ನು ನನ್ನ ಕಡೆಗೇ ತಿರುಗಿಸಿದಳು.

"ನೀವೇ ಓದಿ ಮೇಡಂ, ಜೋರಾಗಿ. ನಾನು ಕೇಳಿಸ್ಕೊಳ್ತೀನಿ."

"ನಾನಾ? ನೀವು ತಿದ್ದಿ ಕೊಡಲ್ವಾ?"

"ಇಲ್ಲ, ನಾನು ಪೇಪರ್ ಮುಟ್ಟಲ್ಲ. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತಾನೂ ಹೇಳಲ್ಲ. ನಮ್ಮಲ್ಲಿ ಹಾಗೇ ರೂಲ್ ಇದೆ."

ತಿದ್ದುವುದಿಲ್ಲ, ಮುಟ್ಟುವುದಿಲ್ಲ, ಹೇಗಿದೆ ಎಂದೂ ಹೇಳುವುದಿಲ್ಲ. ಮತ್ತೆ ಸಂಬಳ ಯಾತಕ್ಕೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಓದತೊಡಗಿದೆ. ಮಹಡಿ ಮೇಲಿನ ಬಾಡಿಗೆ ಮನೆಯ ಸರೋಜಾ ಆಂಟಿಯ ಬಗ್ಗೆ ಎರಡು ಪುಟ ಬರೆದಿದ್ದೆ. ಅವರ ಯಜಮಾನರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಅವರ ಮನೆಯಲ್ಲಿ ಯಾರಿಗೂ ಅವರೆಕಾಳು ಸೇರುವುದಿಲ್ಲ, ಕೂಲಿಯನ್ನೂ ಅವರು ಮುಟ್ಟುವುದಿಲ್ಲ. ಆದರೂ ಎಲ್ಲರಿಗಿಂತ ಮೊದಲು ಬಂದು ಮೊರ ಹಿಡಿಯುತ್ತಾರೆ. ಅಷ್ಟು ಓದುವಷ್ಟರಲ್ಲಿ ನಂದಿನಿ ಮುಂದಕ್ಕೆ ಬಾಗಿದಳು.

"ಸರೋಜಾ ಆಂಟಿ ಯಾಕೆ ಬರ್ತಾರೆ ಮೇಡಂ?"

ನಿಜ, ಕೂಲಿ ತಗೊಳ್ಳದವರಿಗೆ ದುಡಿಮೆಯ ಪ್ರಬಂಧದಲ್ಲಿ ಏನು ಕೆಲಸ? ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. "ಸರಿ ಮೇಡಂ, ಗೊತ್ತಾಯ್ತು," ಎಂದೆ. ಅವಳು ಯಾಕೋ ಸ್ವಲ್ಪ ಹೊತ್ತು ಕಾದಳು, ಆಮೇಲೆ ಮುಂದೆ ಓದಲು ಹೇಳಿದಳು. ಆ ದಿನ ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದು ಸರೋಜಾ ಆಂಟಿಯನ್ನು ಅಳಿಸಿದೆ.

ಅಧ್ಯಾಯದ ಶುರುವಿನಲ್ಲಿ ಪಠ್ಯಪುಸ್ತಕಗಳಿಂದ ಎತ್ತಿದ ಮಾತುಗಳು ಕೆಲವು ಇದ್ದವು. "ಅಸಂಘಟಿತ ವಲಯದಲ್ಲಿ ಮಹಿಳೆಯರ ಪಾಲ್ಗೊಳ್ಳುವಿಕೆಯು ಗಣನೀಯವಾಗಿರುವುದನ್ನು ಗಮನಿಸಬಹುದಾಗಿದೆ" ಎಂಬಂಥವು. ಅವುಗಳ ಬಗ್ಗೆ ನಂದಿನಿ ತುಟಿ ಪಿಟಕ್ಕೆನ್ನಲಿಲ್ಲ. ಅಂದರೆ ಅವು ಸರಿಯಾಗಿವೆ! ಸರೋಜಾ ಆಂಟಿ ಖಾಲಿ ಮಾಡಿದ ಜಾಗಕ್ಕೆ ಅಂಥವನ್ನೇ ಇನ್ನಷ್ಟು ತಂದು ತುಂಬಿದೆ.

ಮುಂದಿನ ವಾರ ಹುಳಗಳ ಸರದಿ. ಕಾಯಿ ಸುಲಿಯುವಾಗ ದಪ್ಪ ಹಸಿರು ಹುಳ ಬೆರಳಿಗೆ ಬಂದರೆ ನಮ್ಮ ಹೆಂಗಸರು ಕಿರುಚುವುದಿಲ್ಲ, ನಗುತ್ತಾರೆ. ಒಬ್ಬರ ಮಡಿಲಿಗೆ ಒಬ್ಬರು ಎಸೆಯುತ್ತಾರೆ. ಅದನ್ನು ಬಹಳ ಪ್ರೀತಿಯಿಂದ ಬರೆದಿದ್ದೆ. "ಯಾಕೆ ನಗ್ತಾರೆ?" ಎಂದಳು ನಂದಿನಿ. ಹುಳ ಹೋಯಿತು, ನಗುವೂ ಹೋಯಿತು. ಅದರ ಮುಂದಿನ ಸಲ, "ಈ ಜಾಗದಲ್ಲಿ ಮುಂಚೆ ಕಾರು ನಿಲ್ಲಿಸ್ತಿದ್ರಾ?" ಎಂದಳು. ಇಡೀ ನೆಲಮಹಡಿಯನ್ನೇ ತೆಗೆದೆ.

ಪ್ರತಿ ವಾರ ಒಂದು ಸಂಗತಿಯ ತಲೆಬುಡ ಮಾತ್ರ ನನಗೆ ತಿಳಿಯುತ್ತಿರಲಿಲ್ಲ. ಹೇಳಿದ ಹಾಗೆಲ್ಲ ಮಾಡಿಕೊಂಡು ಹೋಗುತ್ತಿದ್ದೆ. ಆದರೂ ನಾನು ಓದುತ್ತ ಹೋದಂತೆ ಆ ಹುಡುಗಿಯ ಮುಖ ಬಾಡುತ್ತಿತ್ತು. ಮೊದಲ ದಿನ ಮೇಜಿನ ಮೇಲೆ ಮೊಣಕೈ ಊರಿ ಕೂತಿದ್ದವಳು ಈಗ ಕುರ್ಚಿಗೆ ಒರಗಿ ಕೂರುತ್ತಿದ್ದಳು. ಒಂದು ಸಲ ಆಕಳಿಕೆ ನುಂಗಿದ್ದನ್ನೂ ಕಂಡೆ. ನನಗೆ ಸಿಟ್ಟು ಬರುತ್ತಿತ್ತು. ಇನ್ನೇನು ಮಾಡಬೇಕು ಇವಳಿಗೆ? ವಾಪಸು ಬರುವಾಗ ಮೆಟ್ರೊ ಕಿಟಕಿಯಿಂದ ದೀಪಾಂಜಲಿ ನಗರದ ಮನೆಗಳ ಮಹಡಿಯ ಮೇಲೆ ಒಣಗುವ ಬಟ್ಟೆಗಳನ್ನು ನೋಡುತ್ತ, ನಾನೇ ದಡ್ಡಿಯೋ ಇವಳೇ ವಿಚಿತ್ರವೋ ಎಂದು ಲೆಕ್ಕ ಹಾಕುತ್ತಿದ್ದೆ. ಉತ್ತರ ಸಿಗುವ ಮೊದಲು ಹೊಸಹಳ್ಳಿ ಬರುತ್ತಿತ್ತು.

ಕೊನೆಗೆ ಅತ್ತೆಯ ಸರದಿ ಬಂತು. ಪ್ರತಿ ವರ್ಷ ಮೊದಲ ಮೂಟೆ ಬಿಚ್ಚುವುದು ಅತ್ತೆಯೇ. ಎರಡೂ ಕೈ ಒಳಗೆ ಹಾಕಿ, ಒಂದು ಬೊಗಸೆ ಕಾಯಿ ಎತ್ತಿ ಮೂಗಿಗೆ ಹಿಡಿಯುತ್ತಾರೆ. ಅಷ್ಟೇ. ಆಮೇಲೆ ಸಂಜೆ ದೀಪ ಹಚ್ಚುವವರೆಗೂ ಅವರ ಬಾಯಿಂದ ಒಂದು ಮಾತು ಹೊರಡುವುದಿಲ್ಲ. ಬೀದಿಯ ಆ ತುದಿಗೆ ಕೇಳಿಸುವ ಹಾಗೆ ಮಾತಾಡುವ ಹೆಂಗಸು, ಆ ಒಂದು ಮಧ್ಯಾಹ್ನ ಸುಮ್ಮನೆ ಸುಲಿಯುತ್ತಾರೆ. ಸುತ್ತ ಕೂತವರೂ ಅಂದು ದನಿ ತಗ್ಗಿಸುತ್ತಾರೆ. ಮಾರನೇ ದಿನದಿಂದ ಎಲ್ಲ ಎಂದಿನಂತೆ. ನಾನು ಮದುವೆಯಾಗಿ ಬಂದಾಗಿನಿಂದ ಇದನ್ನು ನೋಡುತ್ತಿದ್ದೇನೆ. ಆ ವರ್ಷವೂ ಹಾಗೇ ಆಗಿತ್ತು. ಪ್ರಬಂಧದಲ್ಲಿ ಅದೇ ನನಗೆ ಅತಿ ಇಷ್ಟದ ಪುಟವಾಗಿತ್ತು.

ಓದಿ ಮುಗಿಸಿದಾಗ ನಂದಿನಿ ಮತ್ತೆ ಮುಂದಕ್ಕೆ ಬಾಗಿದ್ದಳು. ಎಷ್ಟೋ ದಿನದ ಮೇಲೆ ಅವಳ ಕಣ್ಣು ಹೊಳೆಯುತ್ತಿತ್ತು.

"ಅವತ್ತೊಂದಿನ ಯಾಕೆ ಮಾತಾಡಲ್ಲ ಅವರು?"

ಅತ್ತೆಯನ್ನೂ ಬಿಡಲಿಲ್ಲವಲ್ಲ ಇವಳು ಎನಿಸಿತು. ಆ ರಾತ್ರಿಯೆಲ್ಲ ಮನಸ್ಸು ಒಪ್ಪದೆ, ಮಾರನೇ ಬೆಳಿಗ್ಗೆ ಕಣ್ಣು ಮುಚ್ಚಿಕೊಂಡ ಹಾಗೆ ಆ ಪುಟ ಅಳಿಸಿದೆ. ಆ ಪುಟವಿಲ್ಲದೆ ಅತ್ತೆಯ ಮಿಕ್ಕ ಮಾತುಗಳಿಗೆ ಅರ್ಥವಿರಲಿಲ್ಲ, ಅವೂ ಹೋದವು. ಅಂದೇ ಮಧ್ಯಾಹ್ನ ಕೆಳಗೆ ಅತ್ತೆ ಸರೋಜಾ ಆಂಟಿಗೆ ಹೇಳುತ್ತಿದ್ದುದು ಮೆಟ್ಟಿಲ ಮೇಲಿದ್ದ ನನಗೆ ಕೇಳಿಸಿತು. "ಬುಕ್ಕಲ್ಲಿ ಮೊದ್ಲು ನಾನೇ ಬರದು. ಆಮೇಲೆ ನೀವು." ನಾನು ಬಂದ ದಾರಿಯಲ್ಲೇ ಸದ್ದಿಲ್ಲದೆ ಮೇಲೆ ಹತ್ತಿ ಹೋದೆ.

ಸಂಕ್ರಾಂತಿಯ ಹಿಂದಿನ ವಾರ ಕೊನೆಯ ಸಲ ಕೇಂದ್ರಕ್ಕೆ ಹೋದೆ. ಪ್ರಬಂಧ ಈಗ ಅಚ್ಚುಕಟ್ಟಾಗಿದೆ ಎಂದು ನನ್ನ ಎಣಿಕೆ. ಹರಟೆಯ ವಾಸನೆ ಕೂಡ ಇರಲಿಲ್ಲ. ಗಂಟಲು ಸರಿಮಾಡಿಕೊಂಡು ಓದಿದೆ. ನಂದಿನಿ ಎರಡು ಪುಟದವರೆಗೆ ತಡೆದುಕೊಂಡಳು.

"ಮೇಡಂ, ಒಂದ್ನಿಮಿಷ. ನಿಮ್ಮತ್ತೆ ಎಲ್ಲಿ?"

"ಮನೇಲಿದಾರೆ. ಯಾಕೆ?"

"ಅಲ್ಲ, ಇದ್ರಲ್ಲಿ ಎಲ್ಲಿ? ಸರೋಜಾ ಆಂಟಿ ಎಲ್ಲಿ? ಹುಳ? ವಾರ ವಾರ ಒಂದೊಂದೇ ಮಾಯ ಆಗ್ತಾ ಇದೆ. ನಾನೂ ನೋಡ್ತಾನೇ ಇದೀನಿ."

"ನೀವೇ ತೆಗೀರಿ ಅಂದ್ರಲ್ಲ!"

"ನಾನಾ? ನಾನ್ಯಾವಾಗ ಅಂದೆ?"

"ಯಾಕೆ ಬರ್ತಾರೆ ಅಂದ್ರಿ. ಯಾಕೆ ನಗ್ತಾರೆ ಅಂದ್ರಿ. ಯಾಕೆ ಮಾತಾಡಲ್ಲ ಅಂದ್ರಿ. ಬೇಡ ಅನ್ನೋದಕ್ಕೆ ಇನ್ನೇನ್ ಹೇಳ್ಬೇಕು?"

ಅವಳು ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ಗಾಬರಿಯಾಯಿತು. ಕೈ ತೆಗೆದಾಗ ಕಣ್ಣಂಚು ಒದ್ದೆಯಾಗಿತ್ತು.

"ಮೇಡಂ, ನನಗೆ ತಿಳ್ಕೋಬೇಕು ಅನ್ನಿಸ್ತು, ಅದಕ್ಕೇ ಕೇಳ್ದೆ. ನೀವು ಹೇಳ್ತೀರಾ ಅಂತ ಪ್ರತಿ ಸಲ ಕಾಯ್ತಿದ್ದೆ. ನೀವು ಸರಿ ಅಂದು ಮುಂದಕ್ಕೆ ಹೋಗಿಬಿಡೋರು. ಇವರಿಗೆ ಹೇಳೋಕೆ ಇಷ್ಟ ಇಲ್ಲ ಅನ್ಕೊಂಡೆ."

"ಮತ್ತೆ ಆ ಗಣನೀಯ, ಗಮನಿಸಬಹುದಾಗಿದೆ ಅದೆಲ್ಲ? ಅದ್ರ ಬಗ್ಗೆ ನೀವು ಏನೂ ಕೇಳ್ಲೇ ಇಲ್ಲ."

"ಅದ್ರಲ್ಲಿ ಕೇಳೋಕೆ ಏನಿದೆ ಮೇಡಂ?"

ಒಂದೂವರೆ ತಿಂಗಳು ಎಷ್ಟು ವಿಧೇಯಳಾಗಿ ನನ್ನ ಬರಹವನ್ನು ನಾನೇ ಹಾಳು ಮಾಡಿಕೊಂಡಿದ್ದೆ! ಅವಳ ಮೇಲೆ ರೇಗಬೇಕೋ ನನ್ನ ಮೇಲೆ ರೇಗಿಕೊಳ್ಳಬೇಕೋ ಗೊತ್ತಾಗಲಿಲ್ಲ. ಇಷ್ಟು ಚೆನ್ನಾಗಿ ಕನ್ನಡ ಬರುವ ಇಬ್ಬರು ಹೆಂಗಸರು, ಒಂದೇ ಮೇಜಿನ ಆಚೀಚೆ ಕೂತು, ಒಬ್ಬರ ಮಾತು ಒಬ್ಬರಿಗೆ ತಲುಪದೆ ಒಂದು ಚಳಿಗಾಲ ಕಳೆದಿದ್ದೆವು.

"ಹಳೇ ಕಾಪಿ ಇದೆ ತಾನೇ?" ಎಂದಳು.

ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಅದೇ ಫೈಲಿನ ಮೇಲೆ ಅಳಿಸುತ್ತ, ತುಂಬುತ್ತ ಬಂದಿದ್ದೆ. ಪ್ರೊಫೆಸರ್ ವಾಪಸು ಕೊಟ್ಟ ಮೊದಲ ಪ್ರತಿಯ ಹಾಳೆಗಳನ್ನು, ಇನ್ನು ಅದು ಯಾತಕ್ಕೆ ಎಂದು, ಸಿಪ್ಪೆ ಬೀಳಲು ಮೊರದ ಪಕ್ಕ ಹಾಸಲು ನಾನೇ ಕೆಳಗೆ ಕೊಟ್ಟಿದ್ದೆ. ಅತ್ತೆಯ ಬಗ್ಗೆ ಬರೆದದ್ದರ ಮೇಲೆ ಅತ್ತೆಯೇ ಸಿಪ್ಪೆ ಹಾಕಿ, ಸುತ್ತಿ, ಹಿಂದಿನ ಬೀದಿಯ ಹಸುವಿಗೆ ಕಳಿಸಿಯಾಗಿತ್ತು.

ನಾನು ಪೆನ್ನು ಅವಳ ಕಡೆ ಸರಿಸಿದೆ, ಈಗಲಾದರೂ ಬರೆಯಲಿ ಎಂದು. ಅವಳು ಅದನ್ನು ನನ್ನ ಕೈಗೇ ಕೊಟ್ಟಳು. "ನಾನು ಬರೆದ್ರೆ ಅದು ಮೆಟ್ರೊ ಕಿಟಕಿಯಿಂದ ನಿಮ್ಮನೇನ ನೋಡಿದ ಹಾಗಿರುತ್ತೆ ಮೇಡಂ. ಒಂದ್ ಕೆಲಸ ಮಾಡಣ. ನಾನು ಕೇಳಿದ್ದೆಲ್ಲಾ ನನಗೆ ನೆನಪಿದೆ. ಇನ್ನೊಂದ್ಸಲ ಕೇಳ್ತೀನಿ. ನೀವು ಸರಿ ಅನ್ಬೇಡಿ. ಉತ್ತರ ಹೇಳಿ, ಹೇಳ್ತಾ ಹೇಳ್ತಾ ಬರ್ಕೊಳಿ. ಸರೋಜಾ ಆಂಟಿ ಯಾಕೆ ಬರ್ತಾರೆ?"

ಉತ್ತರ ಹೇಳುವುದು ಎದುರು ಮಾತಾಡಿದ ಹಾಗೆ ಅನಿಸಿ ಹಿಂಸೆಯಾಯಿತು. ತಡವರಿಸಿ ಶುರುಮಾಡಿದೆ. ಸರೋಜಾ ಆಂಟಿ ಮನೆಯಲ್ಲಿ ಯಜಮಾನರು ಇಡೀ ದಿನ ಟಿವಿಯಲ್ಲಿ ನ್ಯೂಸ್ ಹಾಕಿಕೊಂಡು ಕೂತಿರುತ್ತಾರೆ, ಆಂಟಿ ಬಾಯಿ ತೆರೆದರೆ ಶ್ ಅನ್ನುತ್ತಾರೆ, ವರ್ಷಕ್ಕೆ ಮೂರು ತಿಂಗಳಾದರೂ ಯಾರಾದರೂ ತಮಗೆ ಹೂಂ ಅನ್ನಲಿ ಎಂದು ಅವರು ಬರುತ್ತಾರೆ. ಇದು ನನಗೆ ಗೊತ್ತಿದೆ ಎಂದು ನನಗೇ ಗೊತ್ತಿರಲಿಲ್ಲ. ಕಳೆದುಹೋದ ಎರಡು ಪುಟದಲ್ಲಿ ಇದು ಇರಲಿಲ್ಲ. ಹುಳ ಬಂದರೆ ಯಾಕೆ ನಗುತ್ತಾರೆ? ಔಷಧಿ ಹೊಡೆಯದ ಕಾಯಿಯಲ್ಲೇ ಹುಳ ಇರುವುದು. ಹುಳ ಕಂಡರೆ ಈ ಸಲದ ಕಾಯಿ ಒಳ್ಳೆಯದು ಎಂದು ಎಲ್ಲರಿಗೂ ಸಮಾಧಾನ, ಅದಕ್ಕೆ ನಗು. ಕೈ ಸೋಲುವವರೆಗೆ ಬರೆದೆ. ನಂದಿನಿ ಕೇಳುತ್ತಲೇ ಹೋದಳು. ಎದುರಿಗೆ ಕೂತು ಒಬ್ಬರು ನಿಜವಾಗಿ ತಿಳಿದುಕೊಳ್ಳಲು ಕೇಳಿದರೆ ಇಷ್ಟು ಸುಖವಾಗುತ್ತದೆಂದು ಆವರೆಗೆ ನನಗೆ ಯಾರೂ ತೋರಿಸಿರಲಿಲ್ಲ.

"ಕೊನೇದು. ಮೊದಲನೇ ದಿನ ನಿಮ್ಮತ್ತೆ ಯಾಕೆ ಮಾತಾಡಲ್ಲ?"

ಪೆನ್ನು ನಿಂತಿತು. "ಗೊತ್ತಿಲ್ಲ," ಎಂದೆ.

"ಕೇಳಿ."

"ಯಾರನ್ನ, ಅತ್ತೆನಾ?" ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ಎರಡು ದಿನ ಅತ್ತೆಯ ಹಿಂದೆ ಮುಂದೆ ಸುಳಿದೆ. ಸಂಕ್ರಾಂತಿಗೆ ಎಳ್ಳು ಬೆಲ್ಲಕ್ಕೆಂದು ಅವರು ಕೊಬ್ಬರಿ ಹೆಚ್ಚುತ್ತ ಒಬ್ಬರೇ ಕೂತಿದ್ದಾಗ ಧೈರ್ಯ ಮಾಡಿದೆ.

"ಅತ್ತೆ, ಮೊದಲನೇ ಮೂಟೆ ಬಿಚ್ಚಿದ ದಿನ ನೀವು ಯಾಕೆ ಮಾತಾಡಲ್ಲ?"

ಕೊಬ್ಬರಿಯ ಮೇಲೆ ಚಾಕು ನಿಂತಿತು. ಅವರು ತಲೆಯೆತ್ತಲಿಲ್ಲ. ಏನೋ ಹೇಳುವ ಹಾಗೆ ಗಂಟಲು ಅಲುಗಿದ್ದು ಕಂಡೆ, ಅಥವಾ ಕಂಡ ಹಾಗೆ ನನಗನಿಸಿತು. ಆಮೇಲೆ ಬಹಳ ಮೆತ್ತಗೆ, ನನ್ನ ಜೊತೆ ಯಾವತ್ತೂ ಮಾತಾಡದ ದನಿಯಲ್ಲಿ ಹೇಳಿದರು. "ಆಯ್ತು ಬಿಡವ್ವ. ಇನ್ಮೇಲೆ ಮಾತಾಡ್ತೀನಿ."

"ಅಯ್ಯೋ, ಹಂಗಲ್ಲ ಅತ್ತೆ, ಸುಮ್ನೆ ಕೇಳ್ದೆ."

"ಗೊತ್ತಾಯ್ತು ಕಣವ್ವ, ಬಿಡು," ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಪ್ರಬಂಧದ ಕೊನೆಯ ಪುಟದಲ್ಲಿ ಅತ್ತೆಯ ಆ ಮಧ್ಯಾಹ್ನವನ್ನು ಮತ್ತೆ ಬರೆದು, ಯಾಕೆಂದು ನನಗೆ ತಿಳಿಯಲಿಲ್ಲ ಎಂದು ಸೇರಿಸಿದೆ. ಶುಕ್ರವಾರ ಒಪ್ಪಿಸಿದೆ. ಪ್ರೊಫೆಸರ್ ಓದಿ, "ಈಗ ನೋಡಿ, ಸರಿ ಹೋಯ್ತು. ರೈಟಿಂಗ್ ಸೆಂಟರ್‌ನೋರು ಹರಟೆ ಎಲ್ಲಾ ತೆಗೆಸಿದಾರೆ," ಎಂದು ಸಹಿ ಹಾಕಿದರು. ಮೊದಲಿನದಕ್ಕಿಂತ ಅದರಲ್ಲಿ ಹರಟೆ ಹೆಚ್ಚೇ ಇತ್ತು. ಅವರು ಯಾವುದನ್ನು ಹರಟೆ ಅಂದಿದ್ದರು, ಈಗ ಯಾವುದನ್ನು ಸರಿ ಎನ್ನುತ್ತಿದ್ದಾರೆ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲು ಹೋಗಲಿಲ್ಲ. ನಂದಿನಿಗೆ ಒಂದು ಡಬ್ಬಿ ಹಿತಕಿದ ಬೇಳೆ ಸಾರು ಕೊಟ್ಟು ಬಂದೆ. ಕೆಳಗೆ ಮೊರದ ಸುತ್ತ ಅವರವರ ಹೆಸರಿದ್ದ ಕಡೆ ಓದಿ ಹೇಳಿದೆ. ಅತ್ತೆ ತಮ್ಮ ಪುಟ ಬಂದಾಗ ಕೇಳಿಸಿಕೊಂಡು, ಕಾಳಿಗೆ ನೀರು ಹಾಕಲು ಎದ್ದು ಹೋದರು.

ಮುಂದಿನ ವರ್ಷ ಮೊದಲ ಮೂಟೆ ಬಂತು. ಅತ್ತೆ ಬಿಚ್ಚಿದರು, ಬೊಗಸೆ ಎತ್ತಿದರು. ಮೂಗಿಗೆ ಹಿಡಿಯುವ ಮೊದಲೇ ಮಾತು ಶುರುಮಾಡಿದರು. ಹಾಲಿನವನ ಬಗ್ಗೆ, ನಲ್ಲಿಯಲ್ಲಿ ಬರುವ ನೀರಿನ ಬಗ್ಗೆ, ಎದುರು ಮನೆಯವರ ನಾಯಿಯ ಬಗ್ಗೆ. ನಡುನಡುವೆ, ಸರಿಯಾಗಿದೆಯಾ ಎನ್ನುವ ಹಾಗೆ ನನ್ನ ಕಡೆ ನೋಡುತ್ತಿದ್ದರು. ನನಗೆ ಅಳು ಬಂತು. ನಾನು ಲ್ಯಾಪ್‌ಟಾಪಿನಲ್ಲಿ ಅಳಿಸಿದ್ದನ್ನು ಮತ್ತೆ ಬರೆಯಬಹುದಿತ್ತು. ಅವರ ಆ ಮೌನವನ್ನು ಎಲ್ಲಿಂದ ತರಲಿ? ಮೊದಲಿನ ಹಾಗೇ ಇರಿ ಎಂದು ಹೇಗೆ ಹೇಳಿದರೂ ಅದು ಇನ್ನೊಂದು ಅಪ್ಪಣೆಯಾಗುತ್ತಿತ್ತು. ಅದರ ಮುಂದಿನ ವರ್ಷವೂ ಹಾಗೇ ಆಯಿತು.

ನಾನೀಗ ಬಸವೇಶ್ವರನಗರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮಕ್ಕಳ ಬರಹದ ಪಕ್ಕ "ಯಾಕೆ?" ಎಂದು ಬರೆದರೆ ಮರುದಿನ ಆ ಸಾಲನ್ನೇ ಹೊಡೆದುಹಾಕಿ ತರುತ್ತಾರೆ. ಕರೆದು ಕೂರಿಸಿಕೊಂಡು, ಇದು ಬೈಗುಳವಲ್ಲ ಕಣ್ರೋ ಎಂದು ಹೇಳಬೇಕಾಗುತ್ತದೆ. ಅವರು ತಲೆ ಆಡಿಸುತ್ತಾರೆ. ನಂಬುತ್ತಾರೋ ಇಲ್ಲವೋ ತಿಳಿಯುವುದಿಲ್ಲ.

ಮೆಟ್ರೊದಲ್ಲಿ ಆ ಚೀಲದ ಸೊಗಡು ಮೂಗಿಗೆ ಬಡಿದ ಎರಡು ದಿನಕ್ಕೆ ನಮ್ಮ ಮನೆಗೂ ಈ ವರ್ಷದ ಮೊದಲ ಮೂಟೆ ಬಂತು. ಭಾನುವಾರವಾದ್ದರಿಂದ ನಾನೂ ಕೆಳಗೆ ಕೂತೆ. ಅತ್ತೆ ಮೂಟೆ ಬಿಚ್ಚಿ ಮಾತು ಶುರುಮಾಡಿದರು. ನಾನು ಯೋಚನೆಯಿಲ್ಲದೆ ಒಂದು ಬೊಗಸೆ ಕಾಯಿ ಎತ್ತಿ ಮೂಗಿಗೆ ಹಿಡಿದೆ. ಮಂಜು ಕುಡಿದ ಕಾಯಿ, ತಣ್ಣಗಿತ್ತು. ಆಮೇಲೆ ಯಾಕೋ ನನಗೆ ಬಾಯಿ ತೆರೆಯಲಾಗಲಿಲ್ಲ. ಅತ್ತೆಯ ಮಾತಿಗೆ ಹೂಂ ಅನ್ನಲೂ ಆಗಲಿಲ್ಲ. ಅವರು ನೀರಿನ ಬಗ್ಗೆ ಹೇಳುತ್ತಿದ್ದವರು ನಡುವೆ ಒಮ್ಮೆ ನನ್ನ ಕಡೆ ನೋಡಿದರು, ಮುಂದುವರಿಸಿದರು, ಮತ್ತೆ ನೋಡಿದರು. ಸ್ವಲ್ಪ ಹೊತ್ತಿನಲ್ಲಿ ಅವರ ಮಾತೂ ತೆಳುವಾಗಿ ನಿಂತುಹೋಯಿತು. ಸರೋಜಾ ಆಂಟಿ ಇಬ್ಬರನ್ನೂ ನೋಡಿ ತಮ್ಮ ಮೊರ ಹತ್ತಿರ ಎಳೆದುಕೊಂಡರು. ಕಾಯಿ ಬಿಡಿಸುವ ಚಟ್ ಚಟ್ ಸದ್ದು ಬಿಟ್ಟರೆ ಆ ಮಧ್ಯಾಹ್ನ ಏನೂ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಎದ್ದು ಹೋದರು. ಅತ್ತೆ ಸಿಪ್ಪೆ ಒತ್ತರಿಸುತ್ತ ಕೇಳಿದರು.

"ಯಾಕವ್ವ, ಇವತ್ತು ಒಂದ್ ಮಾತೂ ಆಡ್ಲಿಲ್ಲ ನೀನು?"

ಆಯ್ತು ಅತ್ತೆ, ಆಡ್ತೀನಿ ಎಂದು ನಾಲಿಗೆಯ ತುದಿಯವರೆಗೂ ಬಂದಿತ್ತು. ತಡೆದುಕೊಂಡೆ.

"ಬೈತಿದೀರಾ ಅತ್ತೆ, ಕೇಳ್ತಿದೀರಾ?"

ಅತ್ತೆ ಕೈ ನಿಲ್ಲಿಸಿದರು. ಅವರಿಗೇ ಅದು ಗೊತ್ತಿರಲಿಲ್ಲವೆಂದು ಕಾಣುತ್ತದೆ, ಸ್ವಲ್ಪ ಯೋಚಿಸಿದರು. "ಕೇಳ್ತಾ ಇವ್ನಿ," ಎಂದರು. ಹೇಳಿ, ಗೋಡೆಗೆ ಒರಗಿ, ಕಾಲು ಚಾಚಿಕೊಂಡು ಕಾಯುತ್ತ ಕೂತರು.

ನಾನು ಹುಡುಕಿದೆ. ಹೊಲ ನಾನು ಕಂಡಿದ್ದಲ್ಲ, ನಾನು ಕಳೆದುಕೊಂಡಿದ್ದೂ ಏನಿರಲಿಲ್ಲ. ಯಾವ ದುಃಖವೂ ಇರಲಿಲ್ಲ. ಆದರೂ ಮೂಗಿನಲ್ಲಿ ಆ ವಾಸನೆ ಇರುವಾಗ ಮಾತು ಬೇಕಾಗಿರಲಿಲ್ಲ.

"ಗೊತ್ತಿಲ್ಲ ಅತ್ತೆ," ಎಂದೆ.

"ಹೂಂ," ಎಂದರು ಅತ್ತೆ. "ಅವತ್ತು ನೀನು ಕೇಳ್ದಾಗ್ಲೂ ನಂಗೆ ಇಂಗೇ ಆಗಿದ್ದು ಕಣವ್ವ."

ಆಮೇಲೆ ನೆನೆಹಾಕುವ ಕಾಳಿನ ಪಾತ್ರೆಯನ್ನು ನನ್ನ ಕಡೆ ತಳ್ಳಿದರು. ನಾನು ನೀರು ತರಲು ಎದ್ದೆ.